ಜಪಾನಿನಲ್ಲಿ ಮನೆಪಾಠ: ಒಂದು ಬಿಳಿ ಕವರ್‌ನಿಂದ ಶುರುವಾಗಿದ್ದು

ಮೂರನೇ ವಾರದ ಪಾಠ ಮುಗಿದಾಗ ಪಕ್ಕದ ಮನೆಯಾಕೆ ಒಂದು ಬಿಳಿ ಕವರನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ನನ್ನ ಮುಂದಿಟ್ಟರು. ಒಳಗೆ 3,000 ಯೆನ್.

ನಾನಾಗ ಜಪಾನಿನ ಒಂದು ಸರ್ಕಾರಿ ಜೂನಿಯರ್ ಹೈಸ್ಕೂಲಿನಲ್ಲಿ ಎಎಲ್‌ಟಿ, ಅಂದರೆ ಇಂಗ್ಲಿಷ್ ಮೇಷ್ಟರಿಗೆ ಸಹಾಯಕ. ಅಲ್ಲಿಯವರೆಗೆ ನಮ್ಮದು ಬರೀ ಸ್ನೇಹದ ಲೆಕ್ಕ. ಆಕೆ ನನಗೆ ಜಪಾನೀಸ್ ಕಲಿಸೋದು, ನಾನು ಆಕೆಗೆ ಇಂಗ್ಲಿಷ್. ಕವರ್ ಬಂದ ಕ್ಷಣ ಅದು ದುಡಿಮೆ ಆಯಿತು. ಇಷ್ಟು ಚಿಲ್ಲರೆಗೆ ಯಾರು ಕೇಳ್ತಾರೆ ಅಂತ ಅನಿಸಿದ್ದೂ ನಿಜ. ರಾತ್ರಿ ನಿದ್ದೆ ಮಾತ್ರ ಸರಿಯಾಗಿ ಬರಲಿಲ್ಲ. ಮಾರನೇ ದಿನ ವಾಪಸ್ ಕೊಟ್ಟೆ. ಆಕೆ ಎರಡು ಸಲ ಬೇಡ ಅಂದು, ಮೂರನೇ ಸಲ ತೆಗೆದುಕೊಂಡರು.

ನನ್ನ ವೀಸಾ 'ಕ್ಯೋಇಕು' ಬಗೆಯದು, ಶಾಲೆಗಳಲ್ಲಿ ಕಲಿಸುವವರಿಗೆ ಕೊಡುವಂಥದ್ದು. ಖಾಸಗಿ ಇಂಗ್ಲಿಷ್ ಕ್ಲಾಸುಗಳಲ್ಲಿ ಕಲಿಸುವವರದ್ದು ಬೇರೆಯೇ ಬಗೆ. ಎರಡೂ ಕಡೆ ಮಾಡೋದು ಇಂಗ್ಲಿಷ್ ಪಾಠವೇ ಅಲ್ವಾ? ಆದರೆ ವೀಸಾ ನೋಡೋದು ಎಲ್ಲಿ, ಯಾರಿಗಾಗಿ ಕಲಿಸ್ತೀರಿ ಅನ್ನೋದನ್ನು. ಅದರಾಚೆ ದುಡ್ಡು ತೆಗೆದುಕೊಳ್ಳಬೇಕಾದರೆ ಇಮಿಗ್ರೇಷನ್‌ನಿಂದ 'ಶಿಕಕುಗಾಯಿ ಕತ್ಸುದೋ ಕ್ಯೋಕಾ' ಅನ್ನುವ ಪ್ರತ್ಯೇಕ ಅನುಮತಿ ಬೇಕು. ಬೇರೆ ದೇಶದಲ್ಲಿರುವವರಿಗೆ ಆನ್‌ಲೈನ್‌ನಲ್ಲಿ ಕಲಿಸಿದರೆ ಪರವಾಗಿಲ್ಲ ಅಂತ ಒಬ್ಬ ಗೆಳೆಯ ಹೇಳಿದ್ದ. ಅದೂ ತಪ್ಪು. ನಾನು ಕೂತು ದುಡಿಯೋದು ಜಪಾನಿನಲ್ಲೇ ತಾನೇ.

ಮೊದಲು ಕೆಲಸದ ಕಡೆ ನೋಡಿದೆ. ಲಿಖಿತ ಒಪ್ಪಿಗೆ ಇಲ್ಲದೆ ಹೊರಗೆ ದುಡಿಯುವಂತಿಲ್ಲ ಅಂತ ನನ್ನ ಕರಾರಿನಲ್ಲೇ ಇತ್ತು. ಸಹಿ ಮಾಡುವಾಗ ಓದಿರಲಿಲ್ಲ! ಕೇಳಿದಾಗ ಎರಡು ಷರತ್ತಿನ ಮೇಲೆ ಒಪ್ಪಿದರು: ನಮ್ಮ ಶಾಲೆಯ ಮಕ್ಕಳಿಗೆ ದುಡ್ಡಿಗೆ ಪಾಠ ಹೇಳಬಾರದು, ಶಾಲೆಯ ಪುಸ್ತಕ, ಪ್ರಿಂಟರ್ ಮುಟ್ಟಬಾರದು. ಎರಡೂ ನ್ಯಾಯವೇ.

ಆಮೇಲೆ ಅರ್ಜಿ. ಇದಕ್ಕೆ ಶುಲ್ಕ ಇಲ್ಲ. ಯಾರಿಗೆ, ಎಲ್ಲಿ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಯೆನ್‌ಗೆ ಕಲಿಸ್ತೀನಿ ಅಂತ ಒಂದು ಹಾಳೆಯಲ್ಲಿ ಬರೆದು ಜೊತೆಗಿಟ್ಟೆ. ಎರಡು ವಾರದಿಂದ ಎರಡು ತಿಂಗಳು ಅಂದಿದ್ದರು, ನನಗೆ ಐದು ವಾರ ಹಿಡಿಯಿತು. ಅಷ್ಟೂ ದಿನ ಪಾಠ ಬಿಟ್ಟಿಯೇ. ವಿದೇಶಿಯರಿಗೆ ಕೊಡುವ ಗುರುತಿನ ಚೀಟಿ, ಅಂದರೆ ರೆಸಿಡೆನ್ಸ್ ಕಾರ್ಡಿನ ಹಿಂದೆ, ಕೆಳಗಡೆ, ಖಾಲಿ ಇದ್ದ ಪುಟ್ಟ ಚೌಕದಲ್ಲಿ ಕೊನೆಗೂ ಅಕ್ಷರ ಬಿತ್ತು: ಅನುಮತಿ ಪತ್ರದಲ್ಲಿ ಬರೆದಿರುವಷ್ಟಕ್ಕೆ ಮಾತ್ರ ಒಪ್ಪಿಗೆ. ಆ 'ಅಷ್ಟಕ್ಕೆ ಮಾತ್ರ'ವನ್ನು ನಾನು ಗಂಭೀರವಾಗಿಯೇ ತೆಗೆದುಕೊಂಡೆ. ಪತ್ರದಲ್ಲಿಲ್ಲದ ಇನ್ನೊಂದು ಕೆಲಸ ಬಂದಾಗ ಆಗಲ್ಲ ಅಂದುಬಿಟ್ಟೆ.

ತೆರಿಗೆಯ ಗೋಜು ನಾನು ಹೆದರಿದಷ್ಟು ಇರಲಿಲ್ಲ. ಸಂಬಳದವರಿಗೆ ಖರ್ಚು ಕಳೆದು ಹೊರಗಿನ ಆದಾಯ ವರ್ಷಕ್ಕೆ 2 ಲಕ್ಷ ಯೆನ್ ದಾಟಿದರೆ ರಿಟರ್ನ್ ಹಾಕಬೇಕು. ಸಾಮಾನ್ಯವಾಗಿ ಫೆಬ್ರವರಿ 16ರಿಂದ ಮಾರ್ಚ್ 15ರೊಳಗೆ. ಹೆಚ್ಚಿನವರು ಎಡವೋದು ಇಲ್ಲಿ: 2 ಲಕ್ಷದ ವಿನಾಯಿತಿ ಆದಾಯ ತೆರಿಗೆಗೆ ಮಾತ್ರ. ಊರಿಗೆ ಕಟ್ಟುವ ನಿವಾಸಿ ತೆರಿಗೆಗೆ ಅದಿಲ್ಲ. ಕಡಿಮೆ ಬಂದಿದ್ದರೂ ಊರಿನ ಕಚೇರಿಗೆ ತಿಳಿಸಬೇಕು. ನಾನು ಪಾಠದ ದಿನಾಂಕ, ದುಡ್ಡು, ಖರ್ಚು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಇಷ್ಟೆಲ್ಲ ಮಾಡಿಯೂ ಒಮ್ಮೆ ಎಡವಿದೆ. ವೀಸಾ ಅವಧಿ ವಿಸ್ತರಣೆಯಾಗಿ ಹೊಸ ಕಾರ್ಡ್ ಕೈಗೆ ಬಂತು. ಖುಷಿಯಲ್ಲಿ ತಿರುಗಿಸಿ ನೋಡಿದರೆ ಹಿಂದಿನ ಚೌಕ ಮತ್ತೆ ಖಾಲಿ. ಹಳೇ ವೀಸಾದ ಜೊತೆಗೇ ಅನುಮತಿಯೂ ಮುಗಿದಿತ್ತು. ಅದನ್ನೂ ಒಟ್ಟಿಗೇ ಕೇಳಬೇಕಿತ್ತು, ಸುಮ್ನೆ ಮರೆತಿದ್ದೆ. ಆ ವಾರದ ಪಾಠಕ್ಕೆ ಹೋಗಿ, ಕವರ್ ಬೇಡ ಅಂತ ಆಕೆಗೆ ಇನ್ನೊಮ್ಮೆ ವಿವರಿಸಬೇಕಾಯಿತು. ಈ ಸಲ ಆಕೆ ಜೋರಾಗಿ ನಕ್ಕರು.