ಹುಬ್ಬಳ್ಳಿಯಿಂದ ಮಿರಿಸ್ಸಕ್ಕೆ: ನೀಲಿ ತಿಮಿಂಗಿಲ ನೋಡಲು ಹೋಗುವುದು ಹೇಗೆ?

ಮುಂದಿನ ಸಲ ಹುಬ್ಬಳ್ಳಿ ಸ್ಟೇಷನ್ನಿಗೆ ಹೋದಾಗ ಒಂದು ಬೋಗಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿ. ಹೊಸ ನಮೂನೆಯ ಬೋಗಿಯಾದರೆ ಸುಮಾರು 24 ಮೀಟರ್ ಇರುತ್ತದೆ. ಶ್ರೀಲಂಕಾದ ದಕ್ಷಿಣ ಕಡಲಿನಲ್ಲಿ ಓಡಾಡುವ ನೀಲಿ ತಿಮಿಂಗಿಲ ಅಷ್ಟು ಉದ್ದ ಬೆಳೆಯಬಲ್ಲದು. ಅಂಟಾರ್ಕ್ಟಿಕಾ ಕಡೆಯ ಅದರ ಬಳಗದವು ಇನ್ನೂ ದೊಡ್ಡವು, 30 ಮೀಟರಿನ ಹತ್ತಿರ ಹೋಗುತ್ತವೆ. ಈಗ ಬದುಕಿರುವ ಪ್ರಾಣಿಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಇಂಥ ಜೀವ ನಮ್ಮ ಊರಿನಿಂದ ಒಂದು ರಾತ್ರಿಯ ರೈಲು, ಒಂದು ಸಣ್ಣ ವಿಮಾನ ಪ್ರಯಾಣ, ಮತ್ತೆ ಅರ್ಧ ದಿನದ ದಾರಿ, ಅಷ್ಟೇ ದೂರದಲ್ಲಿದೆ.

ನಾನು ಎರಡು ಸಲ ಹೋಗಿ ಬಂದೆ. ಮೊದಲನೆಯ ಸಲ ಬೇಸರವಾಯಿತು. ಎರಡನೆಯ ಸಲ ಕಣ್ಣು ತುಂಬಿ ಬಂತು. ತಿಮಿಂಗಿಲ ಎರಡೂ ಸಲ ಕಂಡಿತ್ತು. ವ್ಯತ್ಯಾಸ ಇದ್ದದ್ದು ನಾನು ಹತ್ತಿದ ಬೋಟಿನಲ್ಲಿ. ಹಾಗಾಗಿ ಈ ಲೇಖನದಲ್ಲಿ ಬೋಟಿನ ಮಾತೇ ಜಾಸ್ತಿ.

ಮೊದಲು ತಿಂಗಳು ಗೊತ್ತುಮಾಡಿ

ಮಿರಿಸ್ಸ ಇರುವುದು ಶ್ರೀಲಂಕಾದ ದಕ್ಷಿಣ ತುದಿಯಲ್ಲಿ. ಅಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಸೀಸನ್. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೆಳಗಿನ ಹೊತ್ತು ಸಮುದ್ರ ಶಾಂತವಾಗಿರುವುದು ಹೆಚ್ಚು. ಮೇ ಬಂತೆಂದರೆ ನೈರುತ್ಯ ಮಾರುತ ಶುರು. ನಮ್ಮ ಕಾರವಾರದ ಕಡೆ ಮೀನುಗಾರರು ದೋಣಿ ಎಳೆದಿಡುವ ಕಾಲದಲ್ಲಿ ಅಲ್ಲಿಯೂ ಕಡಲು ಕೆರಳುತ್ತದೆ.

ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್ ನಡುವೆ ಬರುತ್ತದಲ್ವಾ, ಅಷ್ಟರಲ್ಲಿ ಮಿರಿಸ್ಸದ ಸೀಸನ್ ಮುಗಿಯುತ್ತ ಬಂದಿರುತ್ತದೆ. ಮೇ ತಿಂಗಳಲ್ಲೇ ಹೋಗಬೇಕು ಅನ್ನುವವರು ದಕ್ಷಿಣ ಬಿಟ್ಟು ಪೂರ್ವ ಕರಾವಳಿಯ ತ್ರಿಕೋಣಮಲೆಗೆ ಹೋಗಿ. ಅಲ್ಲಿ ಮೇ ತಿಂಗಳಿಂದ ಆಗಸ್ಟ್‌ವರೆಗೆ ಒಳ್ಳೆಯ ಕಾಲ. ಕಡಲಿನ ಮೇಲೆ ಎದ್ದು ನಿಂತ ಬಂಡೆಯ ತುದಿಯಲ್ಲಿ ಕೋಣೇಶ್ವರ ದೇವಸ್ಥಾನವಿದೆ. ಅದೃಷ್ಟವಿದ್ದರೆ ಅಲ್ಲಿ ನಿಂತೇ ದೂರದಲ್ಲಿ ತಿಮಿಂಗಿಲದ ಉಸಿರು, ಅಂದರೆ ಅದು ಉಸಿರು ಬಿಟ್ಟಾಗ ಮೇಲೆ ಚಿಮ್ಮುವ ತುಂತುರು, ಕಾಣಿಸುತ್ತದೆ.

ಶನಿವಾರ, ಭಾನುವಾರ ಬೇಡ. ಹುಣ್ಣಿಮೆಯ ದಿನವೂ ಬೇಡ. ಪ್ರತಿ ಹುಣ್ಣಿಮೆಗೆ ಅಲ್ಲಿ ಪೋಯಾ ರಜೆ ಇರುತ್ತದೆ, ಜನ ಬಹಳ. ಮಿರಿಸ್ಸದಲ್ಲಿ ಮೂರು ರಾತ್ರಿ ಉಳಿಯುವ ಲೆಕ್ಕ ಹಾಕಿ. ಒಂದು ದಿನ ಗಾಳಿ ಎದ್ದು ಬೋಟು ಬಿಡದಿದ್ದರೆ ಇನ್ನೊಂದು ಬೆಳಗು ಕೈಯಲ್ಲಿರುತ್ತದೆ.

ಪಾಸ್‌ಪೋರ್ಟ್, ವೀಸಾ, ಟಿಕೆಟ್

ಪಾಸ್‌ಪೋರ್ಟ್ ಇಲ್ಲದವರಿಗೆ ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರವಿದೆ. ಇದ್ದವರು ಅದರ ಅವಧಿ ನೋಡಿಕೊಳ್ಳಿ. ಪ್ರಯಾಣದ ದಿನದಿಂದ ಕನಿಷ್ಠ 6 ತಿಂಗಳು ಉಳಿದಿರಬೇಕು. ಶ್ರೀಲಂಕಾಕ್ಕೆ ಇಟಿಎ ಎಂಬ ಆನ್‌ಲೈನ್ ಅನುಮತಿ ಇದೆ. ಅದರ ಶುಲ್ಕ, ನಿಯಮ ಆಗಾಗ ಬದಲಾಗಿವೆ. ಆದ್ದರಿಂದ ಟಿಕೆಟ್ ಮಾಡಿಸುವ ವಾರ ಅಲ್ಲಿನ ಸರ್ಕಾರದ ಜಾಲತಾಣದಲ್ಲೇ ನೋಡಿ ಅರ್ಜಿ ಹಾಕಿ. ಅದೇ ಹೆಸರಿನಂತೆ ಕಾಣುವ ಏಜೆಂಟರ ಜಾಲತಾಣಗಳು ಬಹಳ ಇವೆ, ಎಚ್ಚರ.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರೈಲಿನಲ್ಲಿ ರಾತ್ರಿ ಮಲಗಿದರೆ ಬೆಳಗ್ಗೆ ಬೆಂಗಳೂರು. ಹಗಲು ಹೋಗುವವರಿಗೆ ಧಾರವಾಡದಿಂದ ಹೊರಡುವ ವಂದೇ ಭಾರತ್ ಇದೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಗಡಿಯಾರ ಬದಲಿಸುವ ಗೋಜಿಲ್ಲ, ಅವರದೂ ನಮ್ಮದೂ ಒಂದೇ ಸಮಯ.

ಕೊಲಂಬೊದಿಂದ ಮುಂದೆ

ಟ್ಯಾಕ್ಸಿಯಲ್ಲಿ ದಕ್ಷಿಣದ ಎಕ್ಸ್‌ಪ್ರೆಸ್ ಹೆದ್ದಾರಿ ಹಿಡಿದರೆ ಬೇಗ ತಲುಪಬಹುದು. ಆದರೆ ನಾವು ರೈಲಿನ ಊರಿನವರು. ನನ್ನ ಮಾತು ಕೇಳಿ, ಕೊಲಂಬೊ ಫೋರ್ಟ್ ಸ್ಟೇಷನ್ನಿನಿಂದ ಮಾತರ ಕಡೆಯ ರೈಲು ಹತ್ತಿ. ಬಲಗಡೆಯ ಕಿಟಕಿ ಹಿಡಿಯಿರಿ. ಎಷ್ಟೋ ಕಡೆ ಹಳಿಗೂ ಅಲೆಗೂ ನಡುವೆ ಒಂದು ತೆಂಗಿನ ಮರದಷ್ಟೇ ಜಾಗ.

ಅದೇ ದಾರಿಯಲ್ಲಿ, ಗಾಲೆಗಿಂತ ಸ್ವಲ್ಪ ಮೊದಲು ಪೆರಾಲಿಯ ಎಂಬ ಊರು ಬರುತ್ತದೆ. 2004ರ ಡಿಸೆಂಬರ್ 26ರಂದು 'ಸಮುದ್ರ ದೇವಿ' ಎಂಬ ರೈಲನ್ನು ಸುನಾಮಿ ಅಲ್ಲೇ ಕೊಚ್ಚಿಕೊಂಡು ಹೋಯಿತು. 1,700ಕ್ಕೂ ಹೆಚ್ಚು ಜನ ತೀರಿಕೊಂಡರು. ಈಗ ಅಲ್ಲಿ ಎತ್ತರದ ಬುದ್ಧನ ಮೂರ್ತಿ ಇದೆ. ರೈಲು ಆ ಊರು ದಾಟುವಾಗ ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮಾತು ನಿಲ್ಲಿಸಿ ಕೈ ಮುಗಿದರು. ನಾನೂ ಮುಗಿದೆ.

ವೆಲಿಗಮದಲ್ಲಿ ಇಳಿದು ಆಟೋ ಹಿಡಿದರೆ ಮಿರಿಸ್ಸ ಕೆಲವೇ ಕಿಲೋಮೀಟರ್.

ಬೋಟು ಆರಿಸುವುದು

ಇಲ್ಲಿ ಅವಸರ ಮಾಡಬೇಡಿ. ಮೊದಲ ಸಲ ನಾನು ದಾರಿಯಲ್ಲಿ ಕಂಡ ಮೊದಲ ಬೋರ್ಡಿನವರ ಹತ್ತಿರ, ದರ ಕಡಿಮೆ ಇತ್ತೆಂದು ಟಿಕೆಟ್ ತೆಗೆದುಕೊಂಡೆ. ಮರುದಿನ ಕಡಲಿನಲ್ಲಿ ತಿಮಿಂಗಿಲ ಕಂಡ ಕೂಡಲೇ ನಮ್ಮ ಬೋಟು ಪೂರ್ತಿ ವೇಗದಲ್ಲಿ ಅದರ ಮೇಲೇ ನುಗ್ಗಿತು. ಇನ್ನೂ ನಾಲ್ಕು ಬೋಟುಗಳು ಬೇರೆ ಬೇರೆ ದಿಕ್ಕಿನಿಂದ ಬಂದವು. ತಿಮಿಂಗಿಲ ಎರಡು ಉಸಿರು ತೆಗೆದು ಮುಳುಗಿಬಿಟ್ಟಿತು. ಮತ್ತೆ ಎದ್ದಿತು, ಮತ್ತೆ ಅಟ್ಟಿಸಿಕೊಂಡು ಹೋದರು. ಬೋಟಿನಲ್ಲಿದ್ದ ಮಂದಿ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮಾತ್ರ ಯಾರದೋ ಮನೆಗೆ ಬಾಗಿಲು ಒಡೆದು ನುಗ್ಗಿದ ಹಾಗೆ ಅನಿಸಿತು.

ಆ ಪ್ರಾಣಿ ಮೇಲೆ ಬರುವುದು ನಮಗೆ ದರ್ಶನ ಕೊಡಲಿಕ್ಕಲ್ಲ. ಉಸಿರಾಡಲು ಬರುತ್ತದೆ. ಆಳದಲ್ಲಿ ಊಟ ಮಾಡಿ, ದಣಿದು, ನಾಲ್ಕಾರು ಉಸಿರು ತುಂಬಿಕೊಳ್ಳಲು ಬಂದಿರುತ್ತದೆ. ಆ ಉಸಿರನ್ನೂ ನಾವು ಅರ್ಧಕ್ಕೆ ನಿಲ್ಲಿಸಿದರೆ ಅದು ಹಸಿದ ಹೊಟ್ಟೆಯಲ್ಲೇ ಜಾಗ ಬಿಡಬೇಕಾಗುತ್ತದೆ.

ಶ್ರೀಲಂಕಾದಲ್ಲಿ ಇದಕ್ಕೆ 2012ರಿಂದ ನಿಯಮವಿದೆ. ಬೋಟು ತಿಮಿಂಗಿಲದಿಂದ 100 ಮೀಟರ್ ದೂರ ಇರಬೇಕು. ಅಂದರೆ ನಡುವೆ ನಾಲ್ಕು ರೈಲು ಬೋಗಿ ಹಿಡಿಸುವಷ್ಟು. ದೂರವಾಯಿತು ಅನಿಸಬಹುದು. ಆದರೆ ನಾಲ್ಕು ಬೋಗಿ ಆಚೆ ಒಂದು ಬೋಗಿ ಉದ್ದದ ಜೀವ ಉಸಿರು ಬಿಟ್ಟರೆ ಬರಿಗಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ.

ಹಾಗಾಗಿ ಹಿಂದಿನ ದಿನ ಬೆಳಗ್ಗೆ 11ರ ಹೊತ್ತಿಗೆ ಮಿರಿಸ್ಸ ಬಂದರಿನ ಹತ್ತಿರ ಹೋಗಿ ನಿಲ್ಲಿ. ಬೋಟುಗಳು ವಾಪಸ್ ಬರುವ ಸಮಯ ಅದು. ಇಳಿದವರನ್ನು ಸುಮ್ನೆ ಮಾತಾಡಿಸಿ: ಬೋಟು ಎಷ್ಟು ದೂರದಲ್ಲಿ ನಿಂತಿತು, ಇಂಜಿನ್ ಸದ್ದು ಇಳಿಸಿದರಾ, ಏನಾದರೂ ವಿವರಿಸಿ ಹೇಳಿದರಾ. ಆಮೇಲೆ ಬೋಟಿನವರನ್ನೇ ಕೇಳಿ. 'ತಿಮಿಂಗಿಲದ ಎಷ್ಟು ಹತ್ತಿರ ಕರೆದುಕೊಂಡು ಹೋಗುತ್ತೀರಿ?' ಎಂದು ಕೇಳಿದಾಗ 'ಮುಟ್ಟುವಷ್ಟು ಹತ್ತಿರ' ಎಂದರೆ ಕೈ ಮುಗಿದು ಹೊರಟುಬಿಡಿ. ತಿಮಿಂಗಿಲದ ಜೊತೆ ಈಜಿಸುತ್ತೇವೆ ಅನ್ನುವವರ ಹತ್ತಿರವೂ ನಿಲ್ಲಬೇಡಿ. '100 ಮೀಟರ್, ಅದೇ ನಮ್ಮ ಹತ್ತಿರ ಬಂದರೆ ಅದರ ಇಷ್ಟ' ಎಂದು ಹೇಳುವವರು ಸಿಕ್ಕರೆ ದರ ಸ್ವಲ್ಪ ಜಾಸ್ತಿಯಾದರೂ ಅವರ ಬೋಟೇ ಇರಲಿ. ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ಮಕ್ಕಳ ಅಳತೆಯದು ಇದೆಯೇ, ಬೋಟಿಗೆ ಲೈಸೆನ್ಸ್ ಇದೆಯೇ, ವನ್ಯಜೀವಿ ಇಲಾಖೆಯ ಟಿಕೆಟ್ ದರದಲ್ಲೇ ಸೇರಿದೆಯೇ ಎಂದು ಕೇಳಿಕೊಳ್ಳಿ. ತಿಮಿಂಗಿಲ ಕಾಣದಿದ್ದರೆ ಕೆಲವರು ಇನ್ನೊಂದು ದಿನ ಪುಕ್ಕಟೆ ಕರೆದೊಯ್ಯುತ್ತಾರೆ. ಅದನ್ನೂ ಮೊದಲೇ ಮಾತಾಡಿ.

ಹೊಟ್ಟೆಯ ವಿಚಾರ

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವಾಗ ಅರಬೈಲ್ ಘಟ್ಟದ ತಿರುವುಗಳಲ್ಲಿ ನಿಮಗೆ ವಾಂತಿ ಬರುತ್ತದೆಯೇ? ಹಾಗಾದರೆ ಕಡಲಿನಲ್ಲೂ ಬರುತ್ತದೆ. ಡಾಕ್ಟರನ್ನು ಕೇಳಿ ಊರಿನಿಂದಲೇ ಮಾತ್ರೆ ತೆಗೆದುಕೊಂಡು ಹೋಗಿ. ಅದನ್ನು ಬೋಟು ಹೊರಡುವ ಮೊದಲೇ ನುಂಗಿರಬೇಕು. ತಲೆ ಸುತ್ತಲು ಶುರುವಾದ ಮೇಲೆ ತೆಗೆದುಕೊಂಡರೆ ಉಪಯೋಗ ಕಡಿಮೆ. ಒಣ ಶುಂಠಿ ಜೊತೆಗಿರಲಿ. ರಾತ್ರಿ ಹಗುರ ಊಟ ಮಾಡಿ ಬೇಗ ಮಲಗಿ. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಹೋಗಬೇಡಿ. ನಮ್ಮ ಕಟಕ್ ರೊಟ್ಟಿ ಇಂಥ ಪ್ರಯಾಣಕ್ಕೆಂದೇ ಮಾಡಿದ ಹಾಗಿದೆ. ಎಣ್ಣೆಯಿಲ್ಲ, ಕೆಡುವುದಿಲ್ಲ, ಎರಡು ತುಂಡು ತಿಂದರೆ ಹೊಟ್ಟೆ ತಣ್ಣಗಿರುತ್ತದೆ.

ಬೋಟಿನಲ್ಲಿ ನಡುಭಾಗದ ಕೆಳಗಿನ ಸೀಟು ಕಡಿಮೆ ಅಲುಗಾಡುತ್ತದೆ. ಡೀಸೆಲ್ ಹೊಗೆ ಬರುವ ಕಡೆ ಕೂರಬೇಡಿ. ಮೊಬೈಲ್ ನೋಡಬೇಡಿ. ಆಕಾಶ, ನೀರು ಸೇರುವ ಗೆರೆಯ ಮೇಲೆ ಕಣ್ಣಿಡಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಶ್ರೀಲಂಕಾದ ಊಟ ನಮ್ಮ ನಾಲಿಗೆಗೆ ಒಗ್ಗುತ್ತದೆ. ಅನ್ನ, ಬೇಳೆ, ಶಾವಿಗೆಯಂಥ ಇಂದಿಯಾಪ್ಪ ಎಲ್ಲ ಸಿಗುತ್ತವೆ. ಆದರೆ ತೆಂಗಿನ ಚಟ್ನಿಯಂತೆ ಕಾಣುವ ಸಂಬಲದಲ್ಲಿ 'ಉಂಬಲಕಡ' ಎಂಬ ಒಣಮೀನಿನ ಪುಡಿ ಇರಬಹುದು. 'ಮಾಳು ಎಪಾ' ಎಂದರೆ ಮೀನು ಬೇಡ ಎಂದರ್ಥ. ಕೊಟ್ಟವರಿಗೆ 'ಸ್ತೂತಿಯಿ' ಎಂದು ಧನ್ಯವಾದ ಹೇಳಿ, ಮುಖ ಅರಳುತ್ತದೆ.

ನೀರಿನ ಮೇಲೆ

ಬೆಳಗ್ಗೆ ಆರೂವರೆಯ ಹೊತ್ತಿಗೆ ಬೋಟು ಬಿಡುತ್ತದೆ. ಟೊಪ್ಪಿಗೆ, ನೀರು, ಬಿಸಿಲಿಗೆ ಕ್ರೀಮ್, ತೆಳು ಜಾಕೆಟ್ ಇರಲಿ. ನಾಲ್ಕೈದು ಗಂಟೆ ಹಿಡಿಯುತ್ತದೆ. ಮೊದಲು ಸಿಗುವುದು ಹೆಚ್ಚಾಗಿ ಸ್ಪಿನ್ನರ್ ಡಾಲ್ಫಿನ್. ಗುಂಪಾಗಿ ಬಂದು, ಬುಗುರಿಯ ಹಾಗೆ ಸುತ್ತುತ್ತ ಗಾಳಿಗೆ ಹಾರುತ್ತವೆ.

ದ್ವೀಪದ ತೀರಾ ದಕ್ಷಿಣದ ತುದಿ ದೊಂಡ್ರ ಇಲ್ಲೇ ಹತ್ತಿರ. ಅಲ್ಲಿಂದ ಆಚೆ ಅಂಟಾರ್ಕ್ಟಿಕಾದವರೆಗೆ ಬರೀ ನೀರು. ದಡದಿಂದ ಸ್ವಲ್ಪ ದೂರ ಹೋದರೆ ಸಾಕು, ಸಮುದ್ರದ ತಳ ಥಟ್ಟನೆ ಇಳಿದುಬಿಡುತ್ತದೆ. ಆಳದ ನೀರಿನಲ್ಲಿ ಆಹಾರ ಬಹಳ. ಅದಕ್ಕೇ ತಿಮಿಂಗಿಲಗಳು ದಡಕ್ಕೆ ಇಷ್ಟು ಹತ್ತಿರ ಬರುತ್ತವೆ. ಬೇರೆ ಕಡಲುಗಳ ನೀಲಿ ತಿಮಿಂಗಿಲಗಳು ಮೇಯಲು ತಣ್ಣನೆಯ ಧ್ರುವದ ಕಡೆ ವಲಸೆ ಹೋಗುತ್ತವೆ. ಇಲ್ಲಿನವು ಬೆಚ್ಚಗಿನ ನೀರಿನಲ್ಲೇ ಉಂಡು, ಇಲ್ಲೇ ಇರುತ್ತವೆ. ಇದನ್ನು ಲೋಕಕ್ಕೆ ತಿಳಿಸಿದವರಲ್ಲಿ ಮುಖ್ಯರು ಶ್ರೀಲಂಕಾದ ಕಡಲ ವಿಜ್ಞಾನಿ ಆಶಾ ದ ವೋಸ್. 2003ರಲ್ಲಿ ಸಂಶೋಧನಾ ಹಡಗಿನಲ್ಲಿದ್ದಾಗ ಆರು ನೀಲಿ ತಿಮಿಂಗಿಲಗಳ ನಡುವೆ ಕೆಂಪಗಿನ ಮಲ ತೇಲುವುದನ್ನು ಅವರು ಕಂಡರು. ಮಲ ಇದೆ ಎಂದರೆ ಇಲ್ಲಿ ಊಟವೂ ನಡೆದಿದೆ ಎಂದು ಅವರಿಗೆ ಹೊಳೆಯಿತು. ಇಷ್ಟು ಸರಳವಾದ ಯೋಚನೆ ಎಷ್ಟು ದೂರ ಕರೆದೊಯ್ಯಿತು ನೋಡಿ.

ಹಳೆಯ ಮಾತಿನಲ್ಲಿ ತಿಮಿ ಎಂದರೆ ದೊಡ್ಡ ಮೀನು, ಅದನ್ನೂ ನುಂಗುವುದು ತಿಮಿಂಗಿಲ. ನಿಜವಾಗಿ ಇದು ತಿನ್ನುವುದು ಬೆರಳುದ್ದವೂ ಇಲ್ಲದ ಸಿಗಡಿಯಂಥ ಜೀವಿಗಳನ್ನು. ಮೀನಂತೂ ಅಲ್ಲ. ಮರಿಗೆ ಹಾಲೂಡುತ್ತದೆ.

ಗೈಡ್ 'ಮೂರು ಗಂಟೆ' ಎಂದು ಕೂಗಿದರೆ ಸಮಯ ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಬೋಟಿನ ಮೂತಿ 12 ಗಂಟೆ, ಬಲಗಡೆ 3, ಹಿಂದೆ 6. ಆ ದಿಕ್ಕಿಗೆ ನೋಡಿ. ಮೊದಲು ಕಾಣುವುದು ಉಸಿರು. ನೀಲಿ ತಿಮಿಂಗಿಲದ್ದು ನೆಟ್ಟಗೆ ಏಳುತ್ತದೆ, 9 ಮೀಟರ್ ಎತ್ತರದವರೆಗೂ ಹೋಗಬಹುದು. ಉಸಿರು ಎಡಕ್ಕೆ ವಾಲಿ, ಮುಂದಕ್ಕೆ ಚಿಮ್ಮಿದರೆ ಅದು ಸ್ಪರ್ಮ್ ತಿಮಿಂಗಿಲ ಎಂಬ ಬೇರೆ ಜಾತಿಯದು. ನೀಲಿ ತಿಮಿಂಗಿಲವಾದರೆ ಆಮೇಲೆ ಅದರ ಬೆನ್ನು ಬರುತ್ತದೆ. ಸ್ಲೇಟಿನ ಬಣ್ಣ, ಮೇಲೆ ಮಚ್ಚೆ ಮಚ್ಚೆ. ಬೆನ್ನು ಜಾರುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ಕೊನೆಗೆಲ್ಲೋ ಹಿಂದೆ ಸಣ್ಣದೊಂದು ರೆಕ್ಕೆ.

ಕೆಲವು ಸಲ ಉಸಿರಾಡಿ, ಬೆನ್ನು ಬಿಲ್ಲಿನಂತೆ ಬಾಗಿತು ಎಂದರೆ ಈಗ ಮುಳುಗುತ್ತದೆ. ಬಾಲ ಮೇಲೇಳುವುದು ಆಗಲೇ. ನಂತರ ಹತ್ತು ನಿಮಿಷವೋ ಹದಿನೈದೋ ಏನೂ ಕಾಣುವುದಿಲ್ಲ. ಎರಡನೆಯ ಸಲ ನಾನು ಹೋದ ಬೋಟಿನವರು ಆ ಹೊತ್ತಿನಲ್ಲಿ ಇಂಜಿನ್ ಸದ್ದು ಪೂರ್ತಿ ಇಳಿಸಿ ಕಾದರು. ಯಾರೂ ಮಾತಾಡಲಿಲ್ಲ. ಆಗ ಕೇಳಿಸಿತು, ದೂರದಲ್ಲಿ ಅದು ಎದ್ದು ಉಸಿರು ಬಿಟ್ಟ ಸದ್ದು. ಉಗಿಬಂಡಿಯ ಕಾಲ ಕಂಡ ನಮ್ಮ ಅಪ್ಪ ಇದ್ದಿದ್ದರೆ ಆ ಸದ್ದಿಗೆ ತಟ್ಟನೆ ತಿರುಗಿ ನೋಡುತ್ತಿದ್ದರು. ಮೊದಲ ಸಲ ಇಂಜಿನ್ ಗಲಾಟೆಯಲ್ಲಿ ನನಗೆ ಇದು ಕೇಳಿಸಿಯೇ ಇರಲಿಲ್ಲ.

ದಿಗಂತದಲ್ಲಿ ದೊಡ್ಡ ದೊಡ್ಡ ಸರಕು ಹಡಗುಗಳು ಸಾಲಾಗಿ ಹೋಗುವುದು ಕಾಣುತ್ತದೆ. ಪ್ರಪಂಚದಲ್ಲೇ ಅತಿ ಬಿಡುವಿಲ್ಲದ ಹಡಗು ದಾರಿಗಳಲ್ಲಿ ಇದೊಂದು. ಅದು ತಿಮಿಂಗಿಲ ಮೇಯುವ ಜಾಗದಲ್ಲೇ ಹಾಯುತ್ತದೆ. ಹಡಗು ಬಡಿದು ಸತ್ತ ತಿಮಿಂಗಿಲಗಳು ಸಿಕ್ಕಿವೆ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿ ತನ್ನ ಹಡಗುಗಳನ್ನು ತಾನಾಗಿಯೇ ಸುಮಾರು 15 ನಾಟಿಕಲ್ ಮೈಲಿ (ಅಂದಾಜು 28 ಕಿಲೋಮೀಟರ್) ದಕ್ಷಿಣಕ್ಕೆ ಸರಿಸಿತು. ಉಳಿದವರೂ ಸರಿಯಲಿ ಎಂಬುದು ನನ್ನ ಆಸೆ.

ದಡಕ್ಕೆ ಬಂದ ಮೇಲೆ

ಬೋಟಿನವರು ದೂರ ಕಾಯ್ದುಕೊಂಡಿದ್ದರೆ ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ಆನ್‌ಲೈನ್‌ನಲ್ಲಿ ಬರೆಯುವಾಗಲೂ ಎಷ್ಟು ತಿಮಿಂಗಿಲ ಕಂಡವು ಎನ್ನುವುದರ ಜೊತೆಗೆ ಬೋಟು ಹೇಗೆ ನಡೆದುಕೊಂಡಿತು ಎಂದು ಬರೆಯಿರಿ. ಮುಂದೆ ಹೋಗುವವರು ಅದನ್ನೇ ಓದಿ ಬೋಟು ಆರಿಸುತ್ತಾರೆ.

ಬಾಲದ ಫೋಟೊ ಸ್ಪಷ್ಟವಾಗಿ ಬಂದಿದ್ದರೆ ದಿನಾಂಕ, ಸಮಯ ಬರೆದಿಟ್ಟುಕೊಂಡು ಶ್ರೀಲಂಕಾದ ಕಡಲ ಸಂಶೋಧಕರಿಗೆ ಕಳಿಸಿ. ಬಾಲದ ಅಂಚು, ಬೆನ್ನಿನ ಮಚ್ಚೆ ನೋಡಿ ಅವರು ಒಂದೊಂದೇ ತಿಮಿಂಗಿಲವನ್ನು ಗುರುತು ಹಿಡಿಯುತ್ತಾರೆ. ನನಗೆ ಸಿಕ್ಕಿದ್ದು ಒಂದೇ ಒಂದು ಒಳ್ಳೆಯ ಚಿತ್ರ. ಬಾಲದ ಬಲ ಅಂಚಿನಲ್ಲಿ ಉಗುರಿನಿಂದ ಚಿವುಟಿದ ಹಾಗೆ ಸಣ್ಣ ಕಚ್ಚು ಇದೆ. ಕಳಿಸಿದ್ದೇನೆ.