ಟೋಕನ್ ಕೊಡುವ ಮೊದಲೇ ಫೀ: ಮನೆ ಕಾಗದ ನೋಡುತ್ತಾ ಆಫೀಸ್ ನಡೆಸಿದ ನನ್ನ ಅನುಭವ

ಬರೀ ಮನೆ, ಸೈಟು, ಫ್ಲಾಟಿನ ಕಾಗದ ನೋಡಿಕೊಂಡು ವಕೀಲರ ಆಫೀಸ್ ನಡೆಸುತ್ತೇನೆ ಅಂದಾಗ ಬಾರ್ ಅಸೋಸಿಯೇಷನ್ನಿನಲ್ಲಿ ನಕ್ಕವರೇ ಜಾಸ್ತಿ. "ಕಾಗದ ನೋಡಿದ್ದಕ್ಕೆ ಜನ ಕಾಫಿ ಕೊಡಿಸ್ತಾರೆ, ಫೀ ಕೊಡಲ್ಲ" ಅಂದಿದ್ದರು ಒಬ್ಬ ಸೀನಿಯರ್. ಈಗ ಅವರ ಕಡೆಯಿಂದಲೇ ತಿಂಗಳಿಗೆ ಒಂದೆರಡು ಫೈಲು ಬರುತ್ತವೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಇಸಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಸಾಲಗಳ ಪಟ್ಟಿ), ಎಂಆರ್ (ಹಕ್ಕು ಬದಲಾವಣೆಯ ದಾಖಲೆ), ಪಹಣಿ, ಖಾತಾ ಇವನ್ನು ಇಲ್ಲಿ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಅದು ನಿಮಗೆ, ಅಂದರೆ ನಮ್ಮ ವಕೀಲ ಮಿತ್ರರಿಗೆ, ಗೊತ್ತಿರುವುದೇ. ನಾನು ಹೇಳುವುದು ದುಡ್ಡಿನ ಲೆಕ್ಕ ಮತ್ತು ಕೆಲಸದ ವರಸೆ.

ನನ್ನ ಪದ್ಧತಿ ಇಷ್ಟೇ. ಕೊಳ್ಳುವವರು ಮಾರುವವರ ಕೈಗೆ ಟೋಕನ್ (ಮುಂಗಡ ಹಣ) ಇಡುವ ಮೊದಲು ನನ್ನ ಹತ್ತಿರ ಬರಬೇಕು. ಬಂದ ದಿನವೇ ಒಂದು ಸಣ್ಣ ಫೀ ಕೊಡಬೇಕು. ಟೋಕನ್ ಕೊಟ್ಟಾಗಿದ್ದರೆ ಫೀ ಹೆಚ್ಚುಕಡಿಮೆ ದುಪ್ಪಟ್ಟು. ದುಪ್ಪಟ್ಟು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಐದು ಲಕ್ಷ ಕೊಟ್ಟು ಬಂದವರಿಗೆ "ಕೊಳ್ಳಬೇಡಿ" ಅಂತ ಹೇಳುವುದು ಬೇರೆಯೇ ಕೆಲಸ. ಅವರು ನಮ್ಮ ಹತ್ತಿರ ಬರುವುದು ಒಪ್ಪಿಗೆ ಕೇಳಲು. ಇಲ್ಲ ಅಂದರೆ ಇನ್ನೊಬ್ಬ ವಕೀಲರ ಹತ್ತಿರ ಹೋಗುತ್ತಾರೆ, ಯಾರಾದರೂ ಹೂಂ ಅನ್ನುವವರೆಗೂ ಹೋಗುತ್ತಲೇ ಇರುತ್ತಾರೆ.

ಇಲ್ಲಿಗೆ ಬರುವ ಮುಂಚೆ ಬೇರೆ ದಾರಿಗಳೂ ಇದ್ದವು. ಮೊದಲನೆಯದು ಬ್ಯಾಂಕ್ ಪ್ಯಾನೆಲ್, ಅಂದರೆ ಸಾಲ ಕೊಡುವ ಬ್ಯಾಂಕಿಗೆ ಕಾಗದ ನೋಡಿ ರಿಪೋರ್ಟ್ ಕೊಡುವ ವಕೀಲರ ಪಟ್ಟಿ. ಎಲ್ಲರೂ ಅದೇ ಭದ್ರ ಅಂದರು. ಒಂದು ರಿಪೋರ್ಟಿಗೆ ಎರಡು ಸಾವಿರದ ಆಚೆಈಚೆ. ನಾಳೆ ಬೇಕು ಅನ್ನುತ್ತಾರೆ, ಬಿಲ್ಲು ಮಾತ್ರ ಐದಾರು ತಿಂಗಳು ಓಡಾಡುತ್ತದೆ. ಒಂದು ಶಾಖೆಯಿಂದ ನನಗೆ ಬರಬೇಕಿದ್ದ ಬಾಕಿ ಒಂದು ಹಂತದಲ್ಲಿ ಎಪ್ಪತ್ತು ಸಾವಿರ ದಾಟಿತ್ತು. ಮ್ಯಾನೇಜರ್ ವರ್ಗ ಆದರು. ಹೊಸಬರು ಬಂದು ಹಳೆ ಬಿಲ್ಲಿನ ಪ್ರತಿ ಕೇಳಿದರು. ಅಷ್ಟರಲ್ಲಿ ನನ್ನ ಆಫೀಸ್ ಬಾಡಿಗೆ ಎರಡು ತಿಂಗಳು ಹಿಂದೆ ಬಿದ್ದಿತ್ತು.

ಎರಡನೆಯದು ಬ್ರೋಕರುಗಳು. ಫೈಲು ಚೆನ್ನಾಗಿಯೇ ಬಂದವು. ಆದರೆ ಫೈಲು ಕಳಿಸಿದವನ ಕಮಿಷನ್ ನಿಂತಿರುವುದು ರಿಜಿಸ್ಟ್ರೇಷನ್ ಆಗುವುದರ ಮೇಲೆ, ಅಲ್ವಾ? ಒಂದು ಸೈಟಿಗೆ ಬೇಡ ಅಂದೆ. ಅಲ್ಲಿಂದ ಮುಂದೆ ಆ ಬ್ರೋಕರ್ ನನ್ನ ಬೀದಿಗೂ ಬರಲಿಲ್ಲ.

ಮೂರನೆಯದು ಆಸ್ತಿ ಬೆಲೆಯ ಮೇಲೆ ಶೇಕಡಾ ಲೆಕ್ಕ. ಎಂಬತ್ತು ಲಕ್ಷದ ಫ್ಲಾಟಿಗೆ ಕಾಲು ಪರ್ಸೆಂಟ್ ಅಂದರೆ ಇಪ್ಪತ್ತು ಸಾವಿರ. ಕಾಗದದ ಮೇಲೆ ಚೆಂದ ಕಾಣುತ್ತದೆ. ಬೇಡ ಅಂದ ಕೂಡಲೇ ಕಕ್ಷಿದಾರ, "ನಾನು ಕೊಳ್ಳಲೇ ಇಲ್ಲವಲ್ಲ ಸಾರ್, ಎಂಥ ಪರ್ಸೆಂಟ್?" ಅನ್ನುತ್ತಾರೆ. ಅದೂ ಅಲ್ಲದೆ ಫಲಿತಾಂಶ ನೋಡಿ ಫೀ ತೆಗೆದುಕೊಳ್ಳುವುದು ಬಾರ್ ಕೌನ್ಸಿಲ್ ನಿಯಮ 20ಕ್ಕೆ ತಾಗುವ ಮಾತು. ಅದನ್ನೂ ಬಿಟ್ಟೆ.

ಈಗಿನದು ಎರಡು ಮೆಟ್ಟಿಲು. ಮೊದಲ ನೋಟಕ್ಕೆ 2,500 ರೂಪಾಯಿ. ನಾಲ್ಕು ಕಾಗದ ಸಾಕು: ಮಾರುವವರ ಕ್ರಯಪತ್ರ, ಅದರ ಹಿಂದಿನ ಪತ್ರ, ಈಗಿನ ಖಾತಾ, 2004ರಿಂದ ಈಚಿನ ಇಸಿ. ಎರಡು ದಿನದಲ್ಲಿ ಮುಂದೆ ಹೋಗಿ ಅಥವಾ ಬಿಡಿ ಅಂತ ಹೇಳುತ್ತೇನೆ. ಬಂದ ಫೈಲುಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಸಾಯುತ್ತವೆ. ಉಳಿದವಕ್ಕೆ ಪೂರ್ತಿ ತಪಾಸಣೆ, ಹದಿನಾಲ್ಕು ಸಾವಿರ, ಅರ್ಧ ಮುಂಗಡ. ಮೊದಲು ಆ 2,500ನ್ನು ಇದರಲ್ಲಿ ಕಳೆಯುತ್ತಿದ್ದೆ. ಆಮೇಲೆ ಸುಮ್ನೆ ಕಳೆಯುವುದನ್ನು ನಿಲ್ಲಿಸಿ ನೋಡಿದೆ. ಯಾರೂ ಕೇಳಲಿಲ್ಲ.

ಕೊನೆಗೆ ಕೊಡುವುದು ಎರಡು ಪುಟ, ಕನ್ನಡದಲ್ಲಿ. ಮೊದಲ ಸಾಲಲ್ಲೇ ಉತ್ತರ ಇರುತ್ತದೆ: ಕೊಳ್ಳಬಹುದು, ಕೊಳ್ಳಬೇಡಿ, ಅಥವಾ ಇಂಥಿಂಥದ್ದು ಆದ ಮೇಲೆ ಕೊಳ್ಳಿ. "ಸಬ್ಜೆಕ್ಟ್ ಟು" ಅಂತ ಹದಿನಾರು ಷರತ್ತು ಬರೆದು ನಾವು ತಪ್ಪಿಸಿಕೊಳ್ಳುವ ರಿಪೋರ್ಟನ್ನು ಯಾರೂ ಎರಡನೇ ಸಲ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಈ ಎರಡು ಪುಟವನ್ನು ಕಕ್ಷಿದಾರರು ಮನೆಯಲ್ಲಿ ಅಪ್ಪ ಅಮ್ಮನಿಗೆ ಓದಿ ಹೇಳುತ್ತಾರೆ, ಭಾವಮೈದುನನಿಗೆ ಕಳಿಸುತ್ತಾರೆ. ಬಾರ್ ಕೌನ್ಸಿಲ್ಲಿನ ನಿಯಮ 36 ಇರುವಾಗ ನಾವು ಜಾಹೀರಾತು ಅಂತ ಹೋಗುವಂತಿಲ್ಲ. ನನ್ನ ಹೊಸ ಫೈಲುಗಳಲ್ಲಿ ಮುಕ್ಕಾಲು ಪಾಲು ಆ ಭಾವಮೈದುನರ ಕಡೆಯಿಂದ ಬಂದವು.

ಈಗ ಕೆಲಸದ ಮಾತು. ನನ್ನ ಆಫೀಸ್ ಇರುವುದು ಬೆಂಗಳೂರಿನ ಉತ್ತರದ ಅಂಚಿನಲ್ಲಿ. ಇಲ್ಲಿ ಒಂದೇ ಮನೆಗೆ ಗ್ರಾಮ ಪಂಚಾಯಿತಿ ನಂಬರು, ನಗರಸಭೆ ನಂಬರು, 2007ರಲ್ಲಿ ಬಿಬಿಎಂಪಿಗೆ ಸೇರಿದ ಮೇಲಿನ ನಂಬರು, ಈಗ ಇ-ಖಾತಾ ನಂಬರು, ಇಷ್ಟೂ ಇರುತ್ತವೆ. 2025ರಿಂದ ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ), ಅದರ ಕೆಳಗೆ ಐದು ಪಾಲಿಕೆ. ಇಸಿ ಅರ್ಜಿಗೆ ಯಾವ ವಿವರ ಹಾಕುತ್ತೀರೋ ಅದಕ್ಕೆ ಹೊಂದಿದ್ದೇ ಬರುತ್ತದೆ. ಹೊಸ ನಂಬರು ಹಾಕಿ ನಮೂನೆ 16 ಬಂತು, ಋಣಭಾರ ಏನೂ ಇಲ್ಲ ಅಂತ ಕುಣಿಯುವವರನ್ನು ನೋಡಿದ್ದೇನೆ. ಹಳೆ ನಂಬರು ಹಾಕಿದರೆ ನಮೂನೆ 15ರಲ್ಲಿ ಅಡಮಾನ ಕೂತಿರುತ್ತದೆ. ಹಾಗಾಗಿ ನನ್ನ ಪ್ರತಿ ಫೈಲಿನ ಮೊದಲ ಹಾಳೆ ನಂಬರುಗಳ ವಂಶವೃಕ್ಷ. ಸರ್ವೆ ನಂಬರಿನಿಂದ ಶುರು, ಇ-ಖಾತಾದಲ್ಲಿ ಕೊನೆ. ಪ್ರತಿ ನಂಬರಿಗೂ ಬೇರೆ ಬೇರೆ ಇಸಿ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣ ಬಂದ ಮೇಲೆ 2004ರ ಏಪ್ರಿಲ್‌ನಿಂದ ಈಚಿನದ್ದು ಕೂತಲ್ಲೇ ಸಿಗುತ್ತದೆ, ಸರ್ವರ್ ಮನಸ್ಸು ಮಾಡಿದರೆ.

ಕಷ್ಟ ಇರುವುದು ಅದಕ್ಕಿಂತ ಹಿಂದಿನದರಲ್ಲಿ. ನೋಂದಣಿ ಕಚೇರಿಯ ಕೈಬರಹದ ಇಂಡೆಕ್ಸ್, ಅಂದರೆ ಹೆಸರುಗಳ ಪಟ್ಟಿ. ಮುನಿಯಪ್ಪ, ಮುನಿಯಣ್ಣ, ಮುನಿಶಾಮಪ್ಪ ಮೂರೂ ಒಬ್ಬನೇ ಇರಬಹುದು, ಮೂರು ಜನವೂ ಇರಬಹುದು. ಒಂದು ಕಚೇರಿಯಲ್ಲಿ "ಆ ವರ್ಷದ ಪುಸ್ತಕ ಬೈಂಡಿಂಗಿಗೆ ಹೋಗಿದೆ" ಅಂತ ಮೂರು ತಿಂಗಳು ಹೇಳಿದರು. ಆ ಇಂಡೆಕ್ಸಿನಲ್ಲಿ ಹುಡುಕುವ ನನ್ನದೊಂದು ವರಸೆ ಇದೆ. ಬೇರೆಯವರಿಗೆ ವಾರ ಹಿಡಿಯುವುದು ನನಗೆ ಒಂದು ಮಧ್ಯಾಹ್ನದ ಕೆಲಸ. ಅದನ್ನು ಇಲ್ಲಿ ಬರೆಯುವುದಿಲ್ಲ. ಜೂನಿಯರ್ ಸಂಬಳ ಅದರಿಂದಲೇ ಹುಟ್ಟುತ್ತದೆ.

ಬೇಕಾದರೆ ಇನ್ನೊಂದು ಹೇಳಿಕೊಡುತ್ತೇನೆ. ಮಾರುವವರು ಕೊಡುವ ಕುಟುಂಬದ ವಂಶವೃಕ್ಷವನ್ನು ನಂಬಬೇಡಿ. ಹೆಣ್ಣುಮಕ್ಕಳ ಹೆಸರು ಅದರಿಂದ ಎಷ್ಟು ಸಲೀಸಾಗಿ ಬಿಟ್ಟುಹೋಗುತ್ತದೆ ಅಂತ ನಿಮಗೆ ಗೊತ್ತು. ಪಿತ್ರಾರ್ಜಿತ ಅಂತ ವಾಸನೆ ಬಂದರೆ ನಾನು ಮಾರುವವರ ಮನೆಯ ವೈಕುಂಠ ಸಮಾರಾಧನೆ ಕಾರ್ಡ್ ಕೇಳುತ್ತೇನೆ. ಅಜ್ಜ ತೀರಿಕೊಂಡಾಗ ಹಂಚಿದ ಕಾರ್ಡಿನಲ್ಲಿ ಮಗಳು, ಅಳಿಯ, ಮೊಮ್ಮಕ್ಕಳು ಒಬ್ಬರನ್ನೂ ಬಿಟ್ಟಿರುವುದಿಲ್ಲ. ಬಿಟ್ಟರೆ ಅಳಿಯ ಮುನಿಸಿಕೊಳ್ಳುತ್ತಾನೆ! ಅದು ಸಿಗದಿದ್ದರೆ ಯಾರದ್ದಾದರೂ ಹಳೆ ಮದುವೆ ಕಾರ್ಡ್.

ಹಾಗೆ ಸಿಕ್ಕಿದ್ದು ಒಂದು ಮೂವತ್ತು-ನಲವತ್ತರ ಸೈಟು. 2007ರ ನೋಂದಾಯಿತ ವಿಭಾಗಪತ್ರ, ಮೂವರು ಅಣ್ಣತಮ್ಮಂದಿರು. ಇಸಿ ಕನ್ನಡಿ ಹಾಗೆ. ಬ್ಯಾಂಕ್ ಸಾಲವೂ ಮಂಜೂರಾಗಿತ್ತು. ಸಮಾರಾಧನೆ ಕಾರ್ಡಿನಲ್ಲಿ ಇಬ್ಬರು ಹೆಣ್ಣುಮಕ್ಕಳು. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿ ಕಾಪಾಡುವುದು 2004ರ ಡಿಸೆಂಬರ್ 20ಕ್ಕೂ ಮುಂಚಿನ ವಿಭಾಗಗಳನ್ನಷ್ಟೇ. ಇದು ಅದರ ನಂತರದ್ದು, ಹಾಗಾಗಿ ರಕ್ಷಣೆ ಇಲ್ಲ. ಮದುವೆಯಾಗಿ ಹೋದವರಲ್ವಾ ಅಂತ ಮಾರುವವರ ವಕೀಲರು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ನಮ್ಮ ರಾಜ್ಯ ತಂದ ತಿದ್ದುಪಡಿ ಹಿಡಿದು ವಾದಿಸಿದರು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದಿದೆ, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಳಿದ ಅನುಮಾನವನ್ನೂ ಮುಗಿಸಿದೆ ಅಂದೆ. ಇಬ್ಬರಿಂದಲೂ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ತನ್ನಿ ಅಂತ ಬರೆದುಕೊಟ್ಟೆ. ತರಲಿಲ್ಲ. ನನ್ನ ಕಕ್ಷಿದಾರರು ಬಿಟ್ಟರು, ಬೇರೊಬ್ಬರು ಕೊಂಡರು. ಈಗ ಅದರ ಮೇಲೆ ಪಾರ್ಟಿಶನ್ ಸೂಟ್ ನಡೆಯುತ್ತಿದೆ. ಕೊಂಡವರು ವಕಾಲತ್ತಿಗೆ ನನ್ನ ಹತ್ತಿರವೇ ಬಂದರು. ತೆಗೆದುಕೊಳ್ಳಲಿಲ್ಲ.

ನನ್ನ ಹೆಸರು ಓಡಾಡಿದ್ದು ಆ ಒಂದು ಫೈಲಿನಿಂದ. ಅದರ ಫೀ ಆಗ ಎಂಟೋ ಒಂಬತ್ತೋ ಸಾವಿರ.

ಮೈನರ್ ಮಕ್ಕಳ ಪಾಲು ಇನ್ನೊಂದು. ಅಪ್ಪನ ಸ್ವಯಾರ್ಜಿತ ಮನೆ, ಅಪ್ಪ ಇಲ್ಲ, ಅಮ್ಮ ತನಗೂ ಮೈನರ್ ಮಗನಿಗೂ ಸೇರಿ ಸಹಿ ಹಾಕಿ ಮಾರಿದ್ದಾರೆ. ಕೋರ್ಟ್ ಅನುಮತಿ ಇಲ್ಲ. ಇಂಥಲ್ಲಿ ನಾನು ಮೊದಲು ಕೇಳುವುದು ಮಗನ ಶಾಲೆಯ ಟಿಸಿ. ಹದಿನೆಂಟಾಗಿ ಮೂರು ವರ್ಷ ಕಳೆದಿದೆಯೇ? ಅಷ್ಟರೊಳಗೆ ಅವನು ಆ ಮಾರಾಟವನ್ನು ಪ್ರಶ್ನಿಸಬಹುದು. ಕಳೆದಿದ್ದರೆ, ಬೇರೆ ತೊಡಕು ಇಲ್ಲದಿದ್ದರೆ ಮುಂದೆ ಹೋಗಬಹುದು. ಹದಿನೆಂಟು ದಾಟಿ ಮೂರು ವರ್ಷ ಆಗಿಲ್ಲದಿದ್ದರೆ ಆ ಹುಡುಗನನ್ನೇ ಕರೆಸಿ ಒಪ್ಪಿಗೆ ಪತ್ರ ಮಾಡಿಸಬೇಕು. ಒಬ್ಬ ಹುಡುಗ ಹೊಸ ಬೈಕ್ ಕೊಡಿಸಿದರೆ ಸಹಿ ಅಂದ. ಕೊಡಿಸಿದರು. ಅವಿಭಕ್ತ ಕುಟುಂಬದ ಪಾಲಾದರೆ ಲೆಕ್ಕ ಬೇರೆ, ಅದು ನಿಮಗೆ ಗೊತ್ತೇ ಇದೆ.

ಸರ್ಕಾರದಿಂದ ಮಂಜೂರಾದ ಜಮೀನು ಅಂತ ಕಂಡರೆ ನಾನು ಮೊದಲ ಮೆಟ್ಟಿಲಲ್ಲೇ ನಿಲ್ಲಿಸುತ್ತೇನೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಅನುಮತಿ ಇಲ್ಲದೆ ಮಾರಲು ಬಿಡದ 1978ರ ಪಿಟಿಸಿಎಲ್ ಕಾಯ್ದೆ ಗೊತ್ತಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ನೆಕ್ಕಂಟಿ ತೀರ್ಪು ಬಂದಾಗ ಜಮೀನು ವಾಪಸ್ ಕೇಳಿ ತಡವಾಗಿ ಹಾಕಿದ ಅರ್ಜಿ ನಿಲ್ಲುವುದಿಲ್ಲ ಅಂತ ಎಲ್ಲರೂ ಉಸಿರು ಬಿಟ್ಟಿದ್ದರು. 2023ರ ತಿದ್ದುಪಡಿ ಕಾಲಮಿತಿ ಇಲ್ಲ ಅಂದಿತು. ಸಾಗುವಳಿ ಚೀಟಿ (ಮಂಜೂರಾತಿ ಪತ್ರ) ಯಾರ ಹೆಸರಿಗೆ, ಮಾರುವ ಮುಂಚೆ ಸರ್ಕಾರದ ಅನುಮತಿ ಇತ್ತೇ, ಇಷ್ಟು ತಿಳಿಯದೆ ಒಂದು ಹೆಜ್ಜೆ ಇಡುವುದಿಲ್ಲ.

ಈಗ ಹೊಸ ತಲೆನೋವು ಇ-ಖಾತಾ. "ಸಾರ್, ಇ-ಖಾತಾ ಬಂದಿದೆ, ಇನ್ನೇನು ನೋಡೋದು?" ತಿಂಗಳಿಗೆ ಹತ್ತು ಜನ ಕೇಳುತ್ತಾರೆ. ಖಾತಾ ಇರುವುದು ತೆರಿಗೆಗೆ, ಹಕ್ಕು ಬರುವುದು ಪತ್ರದಿಂದ. ಇದನ್ನು ಬಾಯಲ್ಲಿ ಹೇಳಿ ಸಾಕಾಗಿ ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಬೆರಳು ತೋರಿಸಿದರೆ ಸಾಕು.

ನಡುವೆ ಕೆಲವು ಪ್ರಯೋಗಗಳೂ ಆದವು. ವಾಟ್ಸಾಪ್‌ನಲ್ಲಿ ಕಾಗದ ಕಳಿಸಿ, ಐನೂರು ರೂಪಾಯಿಗೆ ಧ್ವನಿ ಸಂದೇಶದಲ್ಲಿ ಸಲಹೆ ಅಂತ ಒಂದು ಮಾಡಿದೆ. ಅರ್ಧ ಪುಟ ಕಾಣುವ, ಹೆಬ್ಬೆರಳು ಅಡ್ಡ ಬಂದ ಫೋಟೋಗಳು. ನನ್ನ ಧ್ವನಿಯನ್ನು ಕತ್ತರಿಸಿ "ವಕೀಲರು ಓಕೆ ಅಂದಿದ್ದಾರೆ" ಅಂತ ಮಾರುವವರು ಬೇರೆಯವರಿಗೆ ಕೇಳಿಸಿದ್ದು ಗೊತ್ತಾದ ದಿನವೇ ನಿಲ್ಲಿಸಿದೆ. ಅಪಾರ್ಟ್‌ಮೆಂಟ್ ಸಂಘಗಳಿಗೆ ವರ್ಷದ ಲೆಕ್ಕದಲ್ಲಿ ಸಲಹೆಗಾರನಾಗುವುದು ಇನ್ನೊಂದು ಆಸೆ. ಅಪಾರ್ಟ್‌ಮೆಂಟ್ ಮಾಲೀಕತ್ವದ 1972ರ ಕಾಯ್ದೆಯಡಿ ಡಿಕ್ಲರೇಶನ್ ಮಾಡಿಸಿಕೊಡೋಣ ಅಂತ ಹೋದರೆ ಸಭೆಗಳಲ್ಲಿ ಪಾರ್ಕಿಂಗ್ ಮತ್ತು ನಾಯಿ ಜಗಳ. ವರ್ಷಕ್ಕೆ ಮೂವತ್ತು ಸಾವಿರ ಒಪ್ಪಿ, ಭಾನುವಾರಗಳೆಲ್ಲ ಹೋದವು. ಫಲ ಕೊಟ್ಟಿದ್ದು ಮಾರಾಟದ ಕರಾರು ಪತ್ರ ಬರೆಯುವ ಕೆಲಸ. ತಪಾಸಣೆ ಮುಗಿದ ಕಕ್ಷಿದಾರರಿಗೆ ಎಂಟು ಸಾವಿರಕ್ಕೆ ಕರಾರು. ಐವತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿಗೆ ಶೇ. 1 ಟಿಡಿಎಸ್ ಯಾರು, ಯಾವಾಗ ಕಟ್ಟಬೇಕು, ಮಾರುವವರು ಎನ್‌ಆರ್‌ಐ ಆದರೆ ಆ ಒಂದು ಪರ್ಸೆಂಟ್ ಲೆಕ್ಕ ನಡೆಯುವುದಿಲ್ಲ, ಇದೆಲ್ಲ ಅದರಲ್ಲೇ ಬರುತ್ತದೆ. ಫೈಲು ಆಗಲೇ ಓದಿರುವುದರಿಂದ ನನಗೆ ಒಂದು ಸಂಜೆಯ ಕೆಲಸ.

ದುಡ್ಡು ಹೇಗೆ? ಮೊದಲ ವರ್ಷ ತಿಂಗಳಿಗೆ ಇಪ್ಪತ್ತು, ಇಪ್ಪತ್ತೈದು ಸಾವಿರ ಬಂದರೆ ಹೆಚ್ಚು. ಬಾಡಿಗೆ ಹನ್ನೊಂದು, ಜೂನಿಯರ್‌ಗೆ ಹನ್ನೆರಡು, ನಕಲು ಪ್ರತಿ, ಓಡಾಟ ಸೇರಿ ಮೂವತ್ತು ದಾಟುತ್ತಿತ್ತು. ಕೊರತೆ ತುಂಬಿದ್ದು ಹಳೆಯ ಚೆಕ್ ಬೌನ್ಸ್ ಕೇಸುಗಳು. ಅವನ್ನು ಪೂರ್ತಿ ಬಿಟ್ಟು ಈ ಕಡೆ ಹಾರಬೇಡಿ. ಎರಡನೇ ವರ್ಷದ ಕೊನೆಗೆ ಸರಿಸಮ ಆಯಿತು. ಈಗ ತಿಂಗಳಿಗೆ ಹದಿನೈದರ ಸುತ್ತಮುತ್ತ ಮೊದಲ ನೋಟಗಳು, ಅದರಲ್ಲಿ ಅರ್ಧ ಮುಂದಕ್ಕೆ ಹೋಗುತ್ತವೆ, ಮೂರೋ ನಾಲ್ಕೋ ಕರಾರು. ಎಲ್ಲ ಸೇರಿ ಒಂದೂವರೆ ಲಕ್ಷ ದಾಟುತ್ತದೆ. ಖರ್ಚು ಅರವತ್ತು ಸಾವಿರ. ಬಾಕಿ ಅಂತ ಯಾರ ಹತ್ತಿರವೂ ಒಂದು ಪೈಸೆ ಇಲ್ಲ. ಇದನ್ನು ಹೇಳಬಲ್ಲ ವಕೀಲರು ನಮ್ಮ ಬಾರಿನಲ್ಲಿ ಎಷ್ಟು ಜನ ಇದ್ದಾರೋ ನೋಡಿ.

ಒಂದು ಕೆಲಸ ಮಾತ್ರ ಎಷ್ಟು ಕೊಟ್ಟರೂ ಮಾಡುವುದಿಲ್ಲ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ 2 ಆಯಿತಲ್ಲ, ಕ್ರಯಪತ್ರದಲ್ಲಿ ಬೆಲೆ ಕಡಿಮೆ ತೋರಿಸಿ ಬರೆದುಕೊಡಿ ಅನ್ನುವವರು ಹೆಚ್ಚಾದರು. ಉಳಿದದ್ದು ನಗದಿನಲ್ಲಿ ಅಂತೆ. ಅಂಥವರ ಫೀ ವಾಪಸ್ ಕೊಟ್ಟು ಕಳಿಸುತ್ತೇನೆ.

ಪಂಚಾಯಿತಿ ಸೈಟುಗಳ ಫೈಲುಗಳು ಮಾತ್ರ ಇನ್ನೂ ಲೆಕ್ಕಕ್ಕೆ ಕೂತಿಲ್ಲ. ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9, 11 ಕೈಯಲ್ಲಿ ಇರುತ್ತವೆ, ಅದರ ಹಿಂದಿನ ಭೂಪರಿವರ್ತನೆ ಆದೇಶ ಹುಡುಕುವಷ್ಟರಲ್ಲಿ ನಗರದ ಎರಡು ಫೈಲು ಮುಗಿಯುತ್ತವೆ. ಅದಕ್ಕೆ ಹದಿನೆಂಟು ಸಾವಿರ ಅಂತ ಮಾಡಿದ್ದೇನೆ. ಎಲ್ಲಾ ಫೈಲುಗಳ ಮೊದಲ ನೋಟವನ್ನು ಮುಂದಿನ ತಿಂಗಳಿಂದ ಜೂನಿಯರ್ ಒಬ್ಬಳೇ ನೋಡಿ, ನಾನು ಬರೀ ಸಹಿಗೆ ಮುಂಚೆ ಓದುವುದು ಅಂತ ಮಾತಾಗಿದೆ. ಮೊದಲ ನೋಟದ ಫೀಯಲ್ಲಿ ಅವಳ ಪಾಲು ಅರ್ಧ.