ಬಂಡೂರು ಕುರಿಯ ಜಂತುಹುಳುವಿಗೆ ಮುತ್ತುಗದ ಬೀಜ: ನಾನು ಕೊಡುವ ಕ್ರಮ

ಮಳವಳ್ಳಿ ಕಡೆಯ ನಾಲೆ ಬಯಲಲ್ಲಿ ಮೇಯುವ ಬಂಡೂರು ಕುರಿಗೆ ಮಳೆಗಾಲದಲ್ಲಿ ಹೆಚ್ಚು ಕಾಡುವುದು ಹೀಮಾಂಕಸ್ ಹುಳು. ಅದು ನಾಲ್ಕನೇ ಹೊಟ್ಟೆಯ ಗೋಡೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ಹೀರುತ್ತದೆ ಅಂದರೆ ಸಾವಿರ ಹುಳುವಿಗೆ 50 ಮಿಲಿ. 25 ಕಿಲೋ ಕುರಿಯ ಮೈಯಲ್ಲಿರುವ ರಕ್ತ ಎರಡು ಲೀಟರ್‌ಗೂ ಕಡಿಮೆ. ಈ ಹುಳುವಿಗೆ ಸಾಮಾನ್ಯವಾಗಿ ಭೇದಿ ಆಗುವುದಿಲ್ಲ. ಹಿಕ್ಕೆ ಗಟ್ಟಿಯಾಗಿದೆ ಅಂತ ಸುಮ್ಮನಿದ್ದರೆ ಕುರಿ ಕೈತಪ್ಪುತ್ತದೆ.

ಆದ್ದರಿಂದ ಮೊದಲು ನೋಡುವುದು ಕಣ್ಣು. ಕೆಳರೆಪ್ಪೆ ಮಗುಚಿ, ಬಿಸಿಲ ಬೆಳಕಲ್ಲಿ ಒಳಭಾಗದ ಬಣ್ಣ ನೋಡಬೇಕು. ಗುಲಾಬಿ ಬಣ್ಣ ಉಳಿದಿದ್ದರೆ ಮಾತ್ರ ಮುತ್ತುಗ. ರೆಪ್ಪೆ ಬಿಳಿಚಿದ್ದರೆ, ಗದ್ದದ ಕೆಳಗೆ ನೀರು ತುಂಬಿ ಜೋತಿದ್ದರೆ ಗಿಡಮೂಲಿಕೆ ಮುಟ್ಟುವುದೇ ಇಲ್ಲ. ಅವತ್ತೇ ಪಶುವೈದ್ಯರ ಔಷಧಿ. ಮುತ್ತುಗ ಹುಳುವನ್ನು ಪೂರ್ತಿ ತೆಗೆಯುವುದಿಲ್ಲ, ತೆಗೆಯುವಷ್ಟಕ್ಕೂ ಕೆಲವು ದಿನ ಬೇಕು. ಅಂಥ ಕುರಿಗೆ ಅಷ್ಟು ದಿನ ಇರುವುದಿಲ್ಲ.

ಮೇ ಹೊತ್ತಿಗೆ ಮುತ್ತುಗದ ಕಾಯಿ ಒಣಗಿ ಬೀಳುತ್ತದೆ. ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ. ಬೂಸ್ಟು ಹಿಡಿದದ್ದು, ತೂತಾದದ್ದು ಬಿಸಾಡಿ, ಉಳಿದದ್ದನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ಸಿಪ್ಪೆ ಸುಲಿಯಬೇಕು. ಬೇಳೆಯನ್ನು ಮುರಿದರೆ ಟಪ್ ಅನ್ನುವವರೆಗೆ ನೆರಳಲ್ಲಿ ಒಣಗಿಸಿ, ಕೊಡುವ ಹಿಂದಿನ ದಿನ ಕುಟ್ಟಿ ಬಟ್ಟೆಯಲ್ಲಿ ಜರಡಿ ಹಿಡಿಯುತ್ತೇನೆ. ಬೀಜವಾಗಿಯೇ ಇಟ್ಟರೆ ಕೆಡದು, ಪುಡಿ ಬೇಗ ತೇವ ಹೀರುತ್ತದೆ.

ಕಿಲೋ ತೂಕಕ್ಕೆ 1 ಗ್ರಾಂನಿಂದ ಶುರು, 2 ಗ್ರಾಂ ದಾಟುವುದಿಲ್ಲ. 25 ಕಿಲೋ ಕುರಿಗೆ 25 ಗ್ರಾಂ, ಒಂದೇ ಸಲ. ತೂಕವನ್ನು ಕಣ್ಣಳತೆಯಲ್ಲಿ ಹೇಳಬಾರದು, ತಕ್ಕಡಿಗೆ ತೂಗುಹಾಕಬೇಕು. ಇದರಲ್ಲಿರುವ ಪಲಾಸೋನಿನ್ ಎಂಬ ಅಂಶ ಹುಳುವಿಗಷ್ಟೇ ವಿಷ ಅಲ್ಲ, ಹೆಚ್ಚಾದರೆ ಕುರಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಣಕುತ್ತದೆ. ಗರ್ಭ ನಿಲ್ಲದಂತೆ ಮಾಡುವ ಗುಣವೂ ಈ ಬೀಜಕ್ಕಿದೆ. ಗಬ್ಬದ ಕುರಿಗೆ, ಗಬ್ಬಕ್ಕೆಂದು ಟಗರನ್ನು ಒಳಗೆ ಬಿಟ್ಟಿರುವ ಹಿಂಡಿಗೆ ಬೇಡವೇ ಬೇಡ.

ಪುಡಿ ನೀರಲ್ಲಿ ಕರಗದೆ ತಳ ಹಿಡಿಯುತ್ತದೆ. ತೆಳು ರಾಗಿ ಗಂಜಿ 200 ಮಿಲಿಗೆ ಚೂರು ಬೆಲ್ಲ ಹಾಕಿ ಕಲಸಿ, ಗೊಟ್ಟದಲ್ಲಿ (ಔಷಧಿ ಕುಡಿಸುವ ಕೊಳವೆ) ಬೆಳಗ್ಗೆ ಬರಿಹೊಟ್ಟೆಗೆ ಕುಡಿಸುತ್ತೇನೆ. ತಲೆ ಎತ್ತುವುದರಲ್ಲೇ ಹೆಚ್ಚು ಜನ ತಪ್ಪುವುದು. ಮೂತಿ ಕಣ್ಣಿಗಿಂತ ಮೇಲೆ ಹೋದರೆ ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಿಯ ಪಕ್ಕದಿಂದ ಹಾಕಿ, ಒಂದೊಂದು ಗುಟುಕು ನುಂಗಿದ ಮೇಲೆ ಮುಂದಿನದು. ಕೆಮ್ಮಿದರೆ ತಕ್ಷಣ ತಲೆ ಬಿಡಬೇಕು.

ಮನೆಮದ್ದಿನ ಉಂಡೆಗಳಲ್ಲಿ ಈರುಳ್ಳಿ ಸೇರಿಸುವ ರೂಢಿ ಇದೆ. ಈರುಳ್ಳಿ ಕೆಂಪು ರಕ್ತಕಣ ಒಡೆಯುತ್ತದೆ. ರಕ್ತ ಕಳೆದುಕೊಂಡ ಕುರಿಗೆ ಅದನ್ನು ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಕೆಲಸ ಆಗಿದೆಯೋ ಇಲ್ಲವೋ ಹಿಕ್ಕೆಯೇ ಹೇಳಬೇಕು. ಕುಡಿಸುವ ದಿನ ಒಂದು ಸಲ, 10ರಿಂದ 14 ದಿನದೊಳಗೆ ಇನ್ನೊಂದು ಸಲ, ನೆಲದಿಂದಲ್ಲ, ಗುದದಿಂದಲೇ ಹಿಕ್ಕೆ ತೆಗೆದು ಅದೇ ದಿನ ಪಶು ಆಸ್ಪತ್ರೆಗೆ ಕೊಡಬೇಕು. ಅಲ್ಲಿ ಹಿಕ್ಕೆಯಲ್ಲಿರುವ ಹುಳುವಿನ ಮೊಟ್ಟೆ ಎಣಿಸುತ್ತಾರೆ, ತಡವಾದರೆ ಮೊಟ್ಟೆ ಒಡೆದು ಲೆಕ್ಕ ತಪ್ಪುತ್ತದೆ. ಗ್ರಾಂಗೆ 1200 ಇದ್ದ ಮೊಟ್ಟೆ 480ಕ್ಕೆ ಇಳಿದರೆ ಶೇ 60 ಕಡಿಮೆಯಾದಂತೆ. ಅರ್ಧಕ್ಕೂ ಇಳಿಯದಿದ್ದರೆ ಪುಡಿಯ ಪ್ರಮಾಣ ಏರಿಸದೆ ವೈದ್ಯರ ಔಷಧಿಗೆ ಹೋಗುತ್ತೇನೆ.

ಜೊತೆಗೆ ಮಳೆಗಾಲವೆಲ್ಲಾ ಮೇವಿನ ಕಾಲು ಭಾಗ ಸೀಬೆ, ಹಲಸಿನ ಸೊಪ್ಪು. ಅದರ ಟ್ಯಾನಿನ್ (ಒಗರಿನ ಅಂಶ) ಮರಿಹುಳುವನ್ನು ತಡೆಯುತ್ತದೆ. ಕಾಲು ಭಾಗ ಮೀರಿದರೆ ಮೇವೇ ಕಡಿಮೆ ತಿನ್ನುತ್ತವೆ. ಮರಿಹುಳು ಇಬ್ಬನಿಯ ತೇವ ಹಿಡಿದು ಹುಲ್ಲಿನ ತುದಿಗೆ ಏರುವುದರಿಂದ, ಇಬ್ಬನಿ ಆರಿದ ಮೇಲಷ್ಟೇ ಕುರಿಯನ್ನು ನಾಲೆ ಏರಿಗೆ ಬಿಡುವುದು.